ಪ್ರತಿಕ್ರಿಯೆ: ಕಡಲ ಕಡೆಯ ಗಾಜಿನ ಬಾಗಿಲು ಬಿಗಿಯಾಗಿದೆ, ಮಳೆನೀರು ಒಳಗೆ ಬರುತ್ತಿದೆ

ಹಾಲ್ ಮತ್ತು ಹೊರಗಿನ ಡೆಕ್ (ತೆರೆದ ಜಗಲಿ) ನಡುವಿನ ಜಾರುಬಾಗಿಲು ಬಿಗಿಯಾಗಿದೆ, ಮಳೆ ಬಂದರೆ ನೀರೂ ಒಳಗೆ ಬರುತ್ತದೆ ಅಂದಿದ್ದೀರಿ. ಎರಡಕ್ಕೂ ಕಾರಣ ಬಹುಶಃ ಒಂದೇ. ಕೆಳಗಿನ ಹಳಿಯಲ್ಲಿ ಉಪ್ಪು, ಮರಳು ಕೂತು ನೀರು ಹೋಗುವ ಸಣ್ಣ ತೂತುಗಳು ಮುಚ್ಚಿಹೋಗಿವೆ. ನಮ್ಮಲ್ಲೂ ಹೀಗೇ ಆಗಿತ್ತು.

ಮೊದಲು ಒಣ ಬ್ರಷ್‌ನಿಂದ ಮರಳು ತೆಗೆಯಿರಿ. ಆಗಲೇ ನೀರು ಹಾಕಿದರೆ ಮರಳು ತೂತಿಗೇ ಹೋಗಿ ಕೂರುತ್ತದೆ. ಹಳಿಯ ಹೊರ ಅಂಚಿನಲ್ಲಿ ಬೆರಳಾಡಿಸಿದರೆ ತೂತು ಸಿಗುತ್ತವೆ. ತೆಳು ತಂತಿ ಹಾಕಿ ಬಿಡಿಸಿ, ಸಿಹಿನೀರಲ್ಲಿ ತೊಳೆಯಿರಿ. ಒಂದು ಲೋಟ ನೀರು ಸುರಿದು ನೋಡಿ, ಹೊರಗೆ ಹರಿದರೆ ಸರಿ.

ಆಮೇಲೆ ಬಾಗಿಲ ಅಡಿಯ ಚಕ್ರ ನೋಡಿ. ಕಂದು ಪುಡಿ ಉದುರುತ್ತಿದ್ದರೆ ಬದಲಾಯಿಸಲೇಬೇಕು. 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಕೇಳಿ ತಗೊಳ್ಳಿ, 304 ಕಡಲ ಗಾಳಿಗೆ ಬೇಗ ತುಕ್ಕಿನ ಕಲೆ ಹಿಡಿಯುತ್ತದೆ. ಗ್ರೀಸ್ ಮಾತ್ರ ಬೇಡ, ಮರಳು ಇನ್ನೂ ಜಾಸ್ತಿ ಅಂಟುತ್ತದೆ. ಒಣ ಸಿಲಿಕೋನ್ ಸ್ಪ್ರೇ ಸಾಕು.

ಇಷ್ಟಾದರೂ ನೀರು ಬಂದರೆ ಡೆಕ್‌ನ ಇಳಿಜಾರು ಮನೆ ಕಡೆಗೇ ಇರಬಹುದು, ಫೋಟೋ ನೋಡದೆ ಖಚಿತವಾಗಿ ಹೇಳಲಾರೆ. ಬಾಗಿಲ ಮುಂದೆ ಒಂದು ಬಕೆಟ್ ನೀರು ಚೆಲ್ಲಿ. ಒಳಮುಖ ಹರಿದರೆ ಬಾಗಿಲ ಉದ್ದಕ್ಕೂ ಜಾಲರಿ ಮುಚ್ಚಿದ ಕಾಲುವೆ ಮಾಡಿಸಿ. ಸುಮ್ನೆ ಹೊಸ್ತಿಲು ಎತ್ತರಿಸಬೇಡಿ. ಒಳಗೂ ಹೊರಗೂ ನೆಲ ಒಂದೇ ಮಟ್ಟದಲ್ಲಿ ಇರಲಿ ಅಂತಲೇ ಅಲ್ವಾ ನೀವು ಹಾಗೆ ಕಟ್ಟಿಸಿದ್ದು?