ಅಗತ್ತಿಗೆ ಎಷ್ಟು ದೂರ, ಎಷ್ಟು ಹೊತ್ತು?

ಪ್ರಶ್ನೆ: ಬೆಂಗಳೂರಿನಿಂದ ಲಕ್ಷದ್ವೀಪದ ಅಗತ್ತಿಗೆ ವಿಮಾನದಲ್ಲಿ ಎಷ್ಟು ಹೊತ್ತು? ಮಂಗಳೂರಿಗೆ ಹತ್ತಿರವಿರುವ ದ್ವೀಪಕ್ಕೆ ಹೆಚ್ಚಿನವರು ಕೊಚ್ಚಿಯಿಂದ ಹೋಗುವುದೇಕೆ? (ಓದುಗರು, ತುಮಕೂರು)

ಉತ್ತರ: ವಿಮಾನ ನಿಲ್ದಾಣದಿಂದ ನಿಲ್ದಾಣಕ್ಕೆ ನೇರ ಗೆರೆ ಎಳೆದರೆ ಬೆಂಗಳೂರಿನಿಂದ ಸುಮಾರು 655 ಕಿ.ಮೀ., ಕೊಚ್ಚಿಯಿಂದ 470, ಮಂಗಳೂರಿನಿಂದ ಬರೀ 380. ಅಗತ್ತಿಗೆ ಹೋಗುವ ‘ಎಟಿಆರ್ 72’ ಎಂಬ ಸಣ್ಣ ಪ್ರೊಪೆಲ್ಲರ್ ವಿಮಾನ ಗಂಟೆಗೆ ಹೆಚ್ಚುಕಡಿಮೆ 500 ಕಿ.ಮೀ. ಕ್ರಮಿಸುತ್ತದೆ. ಹಾಗೆಂದರೆ ಬೆಂಗಳೂರಿನಿಂದ 80 ನಿಮಿಷ. ರನ್‌ವೇವರೆಗಿನ ಓಟ, ಮೇಲೇರುವುದು, ಇಳಿಯುವ ಮುಂಚಿನ ತಿರುವು ಎಂದು ಇನ್ನೊಂದು 25 ನಿಮಿಷ ಸೇರಿಸಿ, ಒಂದೂಮುಕ್ಕಾಲು ಗಂಟೆ. ಕೊಚ್ಚಿಯಿಂದಾದರೆ ಒಂದೂಕಾಲರಿಂದ ಒಂದೂವರೆ. ಗಂಟೆಗೆ 40 ಕಿ.ಮೀ. ಎದುರುಗಾಳಿ ಇದ್ದರೆ ಬೆಂಗಳೂರಿನ ಹಾರಾಟಕ್ಕೆ ಆರೇಳು ನಿಮಿಷ ಹೆಚ್ಚು ಹಿಡಿಯುತ್ತದೆ, ಅಷ್ಟೆ.

ಕೊಚ್ಚಿಯ ಪ್ರಾಶಸ್ತ್ಯಕ್ಕೆ ಕಾರಣ ದೂರವಲ್ಲ. ಲಕ್ಷದ್ವೀಪ ಆಡಳಿತದ ಕಚೇರಿ, ಪ್ರಯಾಣಿಕರ ಹಡಗು ಎಲ್ಲವೂ ಅಲ್ಲಿಯೇ ನೆಲೆಯೂರಿವೆ. ಅಮಿನಿ, ಕಡಮತ್, ಕಿಲ್ತಾನ್ ಮೊದಲಾದ ಉತ್ತರದ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು ಎಂಬುದನ್ನು ನೆನೆದರೆ, ಮಂಗಳೂರಿನ ಸಂಪರ್ಕ ಇಷ್ಟು ತೆಳುವಾಗಿರುವುದು ಬೇಸರದ ಸಂಗತಿ.

ಪ್ರಶ್ನೆ: ಅಗತ್ತಿಯಿಂದ ಬರುವಾಗ ಕೆಲವರ ಬ್ಯಾಗು ಅಲ್ಲೇ ಉಳಿಯುತ್ತದಂತೆ. ನಿಜವೇ? (ಓದುಗರು, ಉಡುಪಿ)

ಉತ್ತರ: ಆಗುವುದುಂಟು. ಅಗತ್ತಿಯ ರನ್‌ವೇ ಉದ್ದ 1,204 ಮೀಟರ್; ದ್ವೀಪದ ದಕ್ಷಿಣ ತುದಿ, ಎರಡೂ ಕಡೆ ನೀರು. ಎಟಿಆರ್ 72 ಪೂರ್ತಿ ಭಾರ ಹೊತ್ತು ಏರಲು 1,300 ಮೀಟರ್‌ಗಿಂತ ಹೆಚ್ಚು ಬೇಕು. ಹಾಗಾಗಿ ಭಾರ ಇಳಿಸಲೇಬೇಕು. ಬಿಸಿಲೇರಿದಂತೆ ಗಾಳಿ ತೆಳುವಾಗಿ ರೆಕ್ಕೆಗೆ ಎತ್ತುವ ಬಲ ತಗ್ಗುತ್ತದೆ, ಮಳೆಯಲ್ಲಿ ರನ್‌ವೇ ಒದ್ದೆಯಾಗಿ ಬ್ರೇಕ್ ಹಿಡಿತ ಸಾಲದು. ಎರಡೂ ಸಲ ಮಿತಿ ಇನ್ನಷ್ಟು ಇಳಿಯುತ್ತದೆ.

ಹೋಗುವಾಗಲೂ ತೊಡಕಿದೆ. ಲಕ್ಷದ್ವೀಪದಲ್ಲಿ ಇನ್ನೊಂದು ವಿಮಾನ ನಿಲ್ದಾಣವಿಲ್ಲ. ಅಗತ್ತಿಯಲ್ಲಿ ಇಳಿಯಲಾಗದಿದ್ದರೆ ಮರಳಿ ದಡಕ್ಕೇ ಬರಬೇಕು, ಹತ್ತಿರದ ನಿಲ್ದಾಣವೂ 380 ಕಿ.ಮೀ. ಆಚೆ. ಅಷ್ಟಕ್ಕೆ ಸಾಲುವ ಇಂಧನ ಹೊತ್ತೇ ಹೊರಡಬೇಕು. ಇಂಧನ ಹೆಚ್ಚಿದಷ್ಟೂ ಸೀಟು, ಸಾಮಾನು ಕಡಿಮೆ. ಡೈವಿಂಗ್ ಸಲಕರಣೆಯಂಥ ಭಾರದ ವಸ್ತು ಒಯ್ಯುವವರು ಬುಕ್ ಮಾಡುವಾಗಲೇ ತೂಕ ತಿಳಿಸಿ. ಔಷಧ, ಚಾರ್ಜರ್, ಒಂದು ಜೊತೆ ಬಟ್ಟೆ ಕೈಚೀಲದಲ್ಲೇ ಇರಲಿ.

ಪ್ರಶ್ನೆ: ವಾಪಸು ಬರುವಾಗ ಕೊಚ್ಚಿಯಲ್ಲಿ ಮುಂದಿನ ವಿಮಾನಕ್ಕೆ ಎರಡು ಗಂಟೆ ಬಿಡುವು ಸಾಕೇ? (ಓದುಗರು, ಹುಬ್ಬಳ್ಳಿ)

ಉತ್ತರ: ಎರಡೂ ಒಂದೇ ಪಿಎನ್‌ಆರ್‌ನಲ್ಲಿದ್ದರೆ ಸಾಕು. ಬೇರೆ ಬೇರೆ ಟಿಕೆಟ್ ಆಗಿದ್ದರೆ ಸಾಲದು. ಮೊದಲ ವಿಮಾನ ರದ್ದಾದರೆ ಎರಡನೆಯದರ ಹಣ ಹೋದಂತೆಯೇ. ಆ ರಾತ್ರಿ ಕೊಚ್ಚಿಯಲ್ಲಿ ತಂಗಿ ಮರುದಿನದ ವಿಮಾನ ಹಿಡಿಯಿರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇನ್ನೂ ಒಂದು ದಿನ ಕೈಯಲ್ಲಿರಲಿ.

ಟಿಕೆಟ್‌ಗಿಂತ ಮುಂಚೆ ಪ್ರವೇಶ ಪರವಾನಗಿ ಮಾಡಿಸಿ, ಭಾರತೀಯರಿಗೂ ಅದು ಕಡ್ಡಾಯ. ಪರವಾನಗಿಯಲ್ಲಿ ದ್ವೀಪದ ಹೆಸರು ನೋಡಿಕೊಳ್ಳಿ. ಕವರತ್ತಿ ಅಗತ್ತಿಯಿಂದ ಸುಮಾರು 58 ಕಿ.ಮೀ., ಅಲ್ಲಿಗೆ ಹೋಗುವುದಿದ್ದರೆ ಆ ಹೆಸರೂ ಅದರಲ್ಲಿರಬೇಕು.