ತಂದೆಯ ಟಿಬೆಟ್, ಮಗಳ ಪಾಸ್‌ಪೋರ್ಟ್

ಆಕೆ ಬೈಲಕುಪ್ಪೆಯ ಟಿಬೆಟನ್ ಶಿಬಿರದಲ್ಲಿ ಹುಟ್ಟಿ ಬೆಳೆದ ಇಪ್ಪತ್ತೇಳರ ಯುವತಿ, ಬೆಂಗಳೂರಿನಲ್ಲಿ ನರ್ಸ್. (ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.) ವಿದೇಶದಲ್ಲಿ ಕೆಲಸ ಹುಡುಕಲು ಭಾರತದ ಪಾಸ್‌ಪೋರ್ಟಿಗೆ ಅರ್ಜಿ ಹಾಕುತ್ತೇನೆ ಎಂದ ದಿನದಿಂದ ತಂದೆ ಮಾತು ಬಿಟ್ಟಿದ್ದರು. ಈಕೆಗೆ ನಿದ್ದೆಯಿಲ್ಲ, ಊಟ ಸೇರುತ್ತಿರಲಿಲ್ಲ. ಹಾಗಾಗಿ ಆಪ್ತ ಸಮಾಲೋಚನೆಗೆಂದು ನನ್ನ ಬಳಿ ಬಂದಿದ್ದರು.

"ಮೇಡಂ, ಎಲ್ಲರೂ ಹೀಗೆ ಮಾಡಿದರೆ ಟಿಬೆಟ್ ಬೇಕೆನ್ನಲು ಯಾರು ಉಳಿಯುತ್ತಾರೆ ಎಂದು ಪಾಲಾ (ಅಪ್ಪ) ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ."

1950ರ ಜನವರಿ 26ರಿಂದ 1987ರ ಜುಲೈ 1ರೊಳಗೆ ಇಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಭಾರತದ ಪ್ರಜೆಗಳು. ಟಿಬೆಟನ್ನರಿಗೂ ಇದು ಸಲ್ಲುತ್ತದೆ ಎಂದು ದೆಹಲಿ ಹೈಕೋರ್ಟ್ 2010ರಲ್ಲೇ ತೀರ್ಪಿತ್ತಿದೆ. ಈಕೆಯ ತಾಯಿ ಆ ಅವಧಿಯಲ್ಲಿ ಶಿಬಿರದಲ್ಲೇ ಹುಟ್ಟಿದವರಾದ್ದರಿಂದ ಮಗಳಿಗೂ ಹಕ್ಕಿದೆ. ಆದರೆ ಪಾಸ್‌ಪೋರ್ಟ್ ಬೇಕಾದರೆ ಟಿಬೆಟನ್ನರಿಗೆ ಸರ್ಕಾರ ಕೊಡುವ ನೋಂದಣಿ ಪತ್ರ ಒಪ್ಪಿಸಬೇಕು, ಶಿಬಿರದ ವಾಸ ಬಿಡಬೇಕು ಎಂಬ ಷರತ್ತುಗಳು 2017ರಲ್ಲಿ ಬಂದವು. ಮಗಳು ಮನೆಗೇ ಹೊರಗಿನವಳಾಗುತ್ತಾಳೆ ಎಂಬ ತಂದೆಯ ಭಯಕ್ಕೆ ಆಧಾರವಿತ್ತು. 1959ರ ನಂತರ ತಾಯಿಯ ಬೆನ್ನ ಮೇಲೆ ಹಿಮಾಲಯ ದಾಟಿ ಬಂದ ಕೂಸು ಅವರು. ಹೆತ್ತವರು ಕಾಡು ಕಡಿದು ಜೋಳ ಬೆಳೆದದ್ದನ್ನು ಕಣ್ಣಾರೆ ಕಂಡವರು. ನಿರಾಶ್ರಿತರಾಗಿಯೇ ಉಳಿಯುವುದು ಅವರ ಪಾಲಿಗೆ ಒಂದು ವ್ರತ.

ತಂದೆ ನಾಳೆಯೇ ಒಪ್ಪಿದರೂ ಯಾವುದನ್ನು ಬಿಡಲಾರಿರಿ ಎಂದು ಮಗಳನ್ನು ಕೇಳಿದೆ. ತಡವಿಲ್ಲದೆ "ಹಸಿರು ಪುಸ್ತಕ" ಎಂದರು. ಧರ್ಮಶಾಲಾದ ಟಿಬೆಟನ್ ಆಡಳಿತಕ್ಕೆ ಸಲ್ಲಿಸುವ ವಾರ್ಷಿಕ ಕಾಣಿಕೆ ಅದರಲ್ಲಿ ದಾಖಲಾಗುತ್ತದೆ. ಮೊದಲ ಸಂಬಳದಿಂದಲೂ ಈಕೆ ತಪ್ಪಿಸಿಲ್ಲ. ಅಮೆರಿಕ, ಕೆನಡಾಗಳ ಪ್ರಜೆಗಳಾದ ಎಷ್ಟೋ ಟಿಬೆಟನ್ನರು ಅದನ್ನು ಉಳಿಸಿಕೊಂಡಿದ್ದಾರೆ ಎಂದು ನೆನಪಿಸಿದೆ. ಯಾರೂ ಬಲವಂತ ಮಾಡದೆ ತಾನೇ ಹೊತ್ತ ಈ ಹೊಣೆ, ಪಾಸ್‌ಪೋರ್ಟ್ ಬಂದ ಮಾತ್ರಕ್ಕೆ ಕಳಚಿ ಬೀಳುವುದಿಲ್ಲ.

ಷರತ್ತುಗಳ ಇಂದಿನ ಸ್ಥಿತಿಯನ್ನು ವಕೀಲರಿಂದ ತಿಳಿಯದೆ ಯಾವ ಪತ್ರವನ್ನೂ ಒಪ್ಪಿಸಬೇಡಿ ಎಂದು ಹೇಳಿದೆ. ತಂದೆಯ ಮುಂದೆ ವಾದ ಹೂಡಬೇಡಿ, ಅಜ್ಜ ಅಜ್ಜಿಯರ ಆ ಮೊದಲ ವರ್ಷಗಳನ್ನು ಅವರ ಬಾಯಿಂದ ಕೇಳಿ ಬರೆದಿಟ್ಟುಕೊಳ್ಳಿ ಎಂದೆ. ಅಪರಾಧ ಭಾವದಿಂದ ಅರ್ಜಿ ಕೈಬಿಟ್ಟರೆ ಆ ನೋವು ಮುಂದೆ ತಂದೆಯ ಮೇಲಿನ ಕೋಪವಾಗುತ್ತದೆ ಎಂದೂ ಎಚ್ಚರಿಸಿದೆ. ಇಬ್ಬರೂ ಜೊತೆಗೆ ಬಂದಾಗ ತಂದೆಗೆ ನೇರವಾಗಿ ಹೇಳಿದೆ: ಒಂದು ಜನಾಂಗದ ಭವಿಷ್ಯವನ್ನು ಒಬ್ಬ ಮಗಳ ಅರ್ಜಿಯ ಮೇಲೆ ಹೊರಿಸುವುದು ಅನ್ಯಾಯ. ಅವರು ಒಪ್ಪಲಿಲ್ಲ, ಆದರೆ ಎದ್ದು ಹೋಗಲಿಲ್ಲ, ಮಗಳೊಂದಿಗೆ ಮಾತಾಡಿದರು.

ಅರ್ಜಿ ಇನ್ನೂ ಹಾಕಿಲ್ಲ. ಮುಂದಿನ ಭೇಟಿಗೆ ತಾಯಿಯನ್ನೂ ಕರೆತರಲು ಹೇಳಿದ್ದೇನೆ. ಈ ಹಕ್ಕು ಬಂದಿರುವುದೇ ಅವರ ಮೂಲಕ, ಆದರೂ ಅವರ ಅಭಿಪ್ರಾಯವನ್ನು ಆ ಮನೆಯಲ್ಲಿ ಇದುವರೆಗೆ ಯಾರೂ ಕೇಳಿಲ್ಲ.