ಆಧಾರವೇ ಋಣ ಹತ್ತಾದರೆ

ಪ್ರಶ್ನೆ: ಎರಡು, ಎಂಟು, ಹದಿನಾರು ಆಧಾರದ ಸಂಖ್ಯಾಪದ್ಧತಿಗಳನ್ನು ಕಂಪ್ಯೂಟರ್ ಪಾಠದಲ್ಲಿ ಓದಿದ್ದೇನೆ. ಋಣ ಸಂಖ್ಯೆಯೊಂದು ಆಧಾರವಾಗಲು ಸಾಧ್ಯವೇ? ಹಾಗಾದರೆ ಶಾಲೆಯಲ್ಲಿ ಕಲಿತ ಭಾಜ್ಯತೆಯ ನಿಯಮಗಳು ಅಲ್ಲಿಯೂ ಉಳಿಯುತ್ತವೆಯೇ?
— ಓದುಗರೊಬ್ಬರು, ಶಿರಸಿ

ಉತ್ತರ: ಸಾಧ್ಯ. ಇಟಲಿಯ ವಿತ್ತೋರಿಯೊ ಗ್ರುನ್‌ವಾಲ್ಡ್ 1885ರಷ್ಟು ಹಿಂದೆಯೇ ಇಂಥ ಆಧಾರಗಳಲ್ಲಿ ಲೆಕ್ಕ ಮಾಡುವ ಕ್ರಮವನ್ನು ಪ್ರಕಟಿಸಿದ್ದರು; 1950ರ ದಶಕದ ಕೊನೆಯ ಹೊತ್ತಿಗೆ ಪೋಲೆಂಡಿನಲ್ಲಿ ಋಣ ಎರಡನ್ನು ಆಧಾರವಾಗಿಟ್ಟುಕೊಂಡ ಬಿನೆಗ್ ಎಂಬ ಕಂಪ್ಯೂಟರೂ ತಯಾರಾಯಿತು. ನಮ್ಮ ಕೈಗೆ ಸಲೀಸಾಗುವುದು ಋಣ ಹತ್ತು.

ಅದರಲ್ಲಿ ಸ್ಥಾನಬೆಲೆಗಳು ಬಲದಿಂದ ಎಡಕ್ಕೆ 1, −10, 100, −1000, 10000 ಎಂದು ಧನ, ಋಣಗಳಾಗಿ ಮಗುಚುತ್ತ ಸಾಗುತ್ತವೆ. ಅಂಕಿಗಳು ಮಾತ್ರ 0ಯಿಂದ 9ರವರೆಗಿನ ಅವೇ ಹತ್ತು. ಹೀಗಾಗಿ 13 ಎಂದು ಬರೆದದ್ದರ ಬೆಲೆ −10 + 3, ಅಂದರೆ −7. ನಮ್ಮ 27 ಅಲ್ಲಿ 187 ಆಗುತ್ತದೆ: 100 − 80 + 7. ಋಣ ಚಿಹ್ನೆಯ ಹಂಗಿಲ್ಲದೆ ಎಲ್ಲ ಪೂರ್ಣಾಂಕಗಳನ್ನೂ, ಪ್ರತಿಯೊಂದನ್ನೂ ಒಂದೇ ರೀತಿಯಲ್ಲಿ, ಬರೆಯಬಹುದೆಂಬುದು ಈ ಪದ್ಧತಿಯ ಹೆಚ್ಚುಗಾರಿಕೆ. ಅಂಕಿಗಳ ಎಣಿಕೆ ಬೆಸವಾಗಿದ್ದರೆ ಸಂಖ್ಯೆ ಧನ (ಸೊನ್ನೆಯೊಂದನ್ನು ಬಿಟ್ಟು), ಸಮವಾಗಿದ್ದರೆ ಋಣ. ಎರಡಂಕಿಯ ಧನ ಸಂಖ್ಯೆಯೇ ಇಲ್ಲದ ಲೋಕ ಅದು: 9 ಆದ ಮೇಲೆ 10 ಬರೆಯಲು ನೇರವಾಗಿ ಮೂರಂಕಿಯ 190ಕ್ಕೆ ಜಿಗಿಯಬೇಕು.

ಕೂಡುವಾಗ ಮಾತ್ರ ಸ್ವಲ್ಪ ತಕರಾರು. 7ಕ್ಕೆ 5 ಸೇರಿಸಿ, ಎರಡು ಬರೆದು, ಕೈಯಲ್ಲಿ ಉಳಿದ ಒಂದನ್ನು ಮುಂದಿನ ಸ್ಥಾನಕ್ಕೆ ಸೇರಿಸುವ ಬದಲು ಅಲ್ಲಿಂದ ಕಳೆಯಬೇಕಾಗುತ್ತದೆ. ಅಲ್ಲಿ ಕಳೆಯಲು ಏನೂ ಇಲ್ಲದ್ದರಿಂದ 9 ಇಟ್ಟು, ಅದರಾಚೆಗೆ 1 ಇಡಬೇಕು. ಉತ್ತರ 192, ಅಂದರೆ 100 − 90 + 2.

ಇನ್ನು ಭಾಜ್ಯತೆ. 2 ಮತ್ತು 5ರ ನಿಯಮಗಳು ಹಾಗೆಯೇ ಉಳಿಯುತ್ತವೆ, ಕೊನೆಯ ಅಂಕಿ ನೋಡಿದರೆ ಸಾಕು. ನನಗೆ ಬಹಳ ಇಷ್ಟವಾಗುವುದು 9 ಮತ್ತು 11 ತಮ್ಮ ನಿಯಮಗಳನ್ನು ಪರಸ್ಪರ ಅದಲುಬದಲು ಮಾಡಿಕೊಳ್ಳುವ ಪರಿ. −10 ಎಂದರೆ −11 + 1; 100 ಎಂದರೆ 99 + 1; −1000 ಎಂದರೆ −1001 + 1. ಹೀಗೆ ಪ್ರತಿಯೊಂದು ಸ್ಥಾನಬೆಲೆಯೂ 11ರ ಅಪವರ್ತ್ಯಕ್ಕಿಂತ ಒಂದು ಹೆಚ್ಚಾಗಿರುವುದರಿಂದ, ನಮ್ಮಲ್ಲಿ 9ಕ್ಕೆ ಮಾಡುವಂತೆ ಅಲ್ಲಿ 11ಕ್ಕೆ ಅಂಕಿಗಳನ್ನು ಸುಮ್ಮನೆ ಕೂಡಿದರಾಯಿತು. 2024ನ್ನೇ ತೆಗೆದುಕೊಳ್ಳಿ. ಅದರ ಋಣ ಹತ್ತಿನ ರೂಪ 18184. ಅಂಕಿಗಳ ಮೊತ್ತ 22. 2024 ನಿಜಕ್ಕೂ 11ರ 184 ಪಟ್ಟು. ಆದರೆ 27ರ ರೂಪವಾದ 187ರ ಅಂಕಿಗಳ ಮೊತ್ತ 16, ಅದು 9ರಿಂದ ಭಾಗವಾಗದು. 9ಕ್ಕೆ ಅಲ್ಲಿ ಒಂದು ಬಿಟ್ಟು ಒಂದು ಅಂಕಿಯನ್ನು ಕೂಡಿ, ಕಳೆಯುತ್ತ ಹೋಗಬೇಕು: 7 − 8 + 1 ಸೊನ್ನೆ, ಲೆಕ್ಕ ಸರಿಹೋಯಿತು. ಎರಡರಿಂದಲೂ ಭಾಗವಾಗುವ 99ರ ರೂಪ 119. ಅಂಕಿಗಳನ್ನು ಕೂಡಿದರೆ 11 ಬರುತ್ತದೆ, ಒಂದು ಬಿಟ್ಟು ಒಂದನ್ನು ಕಳೆಯುತ್ತ ಹೋದರೆ 9.